ಅಮೆರಿಕದ ಆರೋಗ್ಯಸೇವೆ ಇಷ್ಟು ದುಬಾರಿಯೇಕೆ, ಕೊಟ್ಟ ಹಣಕ್ಕೆ ಸಿಗುವುದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು, ಮಕ್ಕಳ ಮನೆಗೆ ಬರುವ ಹಿರಿಯರು, ಊರಿನಲ್ಲಿದ್ದುಕೊಂಡೇ ವಿಚಾರಿಸುವ ಬಂಧುಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ವೈದ್ಯನಲ್ಲ, ವಿಮೆ ಮಾರುವವನೂ ಅಲ್ಲ. ಇಲ್ಲಿನ ಬಿಲ್ಲುಗಳನ್ನು ವರ್ಷಗಟ್ಟಲೆ ಕಟ್ಟಿ, ಒಂದೆರಡನ್ನು ವಾದ ಮಾಡಿ ಇಳಿಸಿಕೊಂಡವನು.

ಪ್ರಶ್ನೆ: ಆರೋಗ್ಯಕ್ಕೆಂದು ಅಮೆರಿಕ ನಿಜಕ್ಕೂ ಎಷ್ಟು ಖರ್ಚು ಮಾಡುತ್ತದೆ?

2023ರಲ್ಲಿ ಆ ದೇಶ ಆರೋಗ್ಯಕ್ಕೆ ವ್ಯಯಿಸಿದ್ದು ಸುಮಾರು 4.9 ಲಕ್ಷ ಕೋಟಿ ಡಾಲರ್. ತಲೆಗೆ ಹಂಚಿದರೆ ಒಬ್ಬೊಬ್ಬರ ಪಾಲಿಗೆ 14,570 ಡಾಲರ್ ಬೀಳುತ್ತದೆ. ದೇಶದ ಒಟ್ಟು ಉತ್ಪನ್ನದಲ್ಲಿ ಇದು ಶೇ. 17.6. 1960ರಲ್ಲಿ ಇದೇ ಪ್ರಮಾಣ ಶೇ. 5ರ ಆಸುಪಾಸಿನಲ್ಲಿತ್ತು. ಉಳಿದ ಶ್ರೀಮಂತ ದೇಶಗಳು ತಲೆಗೆ ಖರ್ಚು ಮಾಡುವುದು ಸರಾಸರಿಯಲ್ಲಿ ಇದರ ಅರ್ಧದಷ್ಟು ಮಾತ್ರ. ಖರ್ಚೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಔಷಧದ ಬೆಲೆ. ಲೆಕ್ಕ ನೋಡಿದರೆ, ಔಷಧದಂಗಡಿಯಲ್ಲಿ ಕೊಳ್ಳುವ ಮಾತ್ರೆ, ಚುಚ್ಚುಮದ್ದುಗಳದ್ದು ಒಟ್ಟು ಖರ್ಚಿನಲ್ಲಿ ಶೇ. 9 ಅಷ್ಟೆ; ಆಸ್ಪತ್ರೆಗಳದ್ದು ಶೇ. 31, ವೈದ್ಯರು ಮತ್ತು ಕ್ಲಿನಿಕ್‌ಗಳದ್ದು ಶೇ. 20. ಅಂದರೆ ಅರ್ಧಕ್ಕೂ ಹೆಚ್ಚು ಹಣ ಹೋಗುವುದು ಆಸ್ಪತ್ರೆ ಮತ್ತು ವೈದ್ಯರ ಕಡೆಗೆ, ಜನರ ಸಿಟ್ಟು ಹೋಗುವುದು ಮಾತ್ರ ಔಷಧ ಕಂಪನಿಗಳ ಕಡೆಗೆ.

ಪ್ರಶ್ನೆ: ಅಲ್ಲಿಯವರು ಸಣ್ಣ ನೆಗಡಿಗೂ ವೈದ್ಯರ ಬಳಿ ಓಡುವುದರಿಂದ ಹೀಗಾಗಿದೆಯೆ?

ಇಲ್ಲ. ಅಮೆರಿಕದವರು ವರ್ಷಕ್ಕೆ ವೈದ್ಯರನ್ನು ಕಾಣುವ ಸಲಗಳೂ ಆಸ್ಪತ್ರೆಯಲ್ಲಿ ಮಲಗುವ ದಿನಗಳೂ ಅನೇಕ ಶ್ರೀಮಂತ ದೇಶಗಳಿಗಿಂತ ಕಡಿಮೆಯೇ. ಅರ್ಥಶಾಸ್ತ್ರಜ್ಞ ಊವೆ ರೈನ್‌ಹಾರ್ಟ್ ಮತ್ತು ಅವರ ಸಂಗಡಿಗರು 2003ರಲ್ಲಿಯೇ ಇದನ್ನು ಅಂಕಿಗಳ ಸಮೇತ ತೋರಿಸಿದರು: ವ್ಯತ್ಯಾಸ ಇರುವುದು ಬಳಕೆಯಲ್ಲಲ್ಲ, ಬೆಲೆಯಲ್ಲಿ. ಅದೇ ಎಂಆರ್‌ಐ, ಅದೇ ಹೆರಿಗೆ, ಅದೇ ಮಂಡಿ ಶಸ್ತ್ರಚಿಕಿತ್ಸೆಗೆ ಇಲ್ಲಿ ತೆರುವ ದರವೇ ಹೆಚ್ಚು. ಈ ಒಂದು ಸಂಗತಿ ಮನಸ್ಸಿನಲ್ಲಿ ಕೂತರೆ ಮುಂದಿನ ಉತ್ತರಗಳಲ್ಲಿ ಬಹುಪಾಲು ತಾನಾಗಿಯೇ ತಿಳಿಯುತ್ತದೆ. ಅನಗತ್ಯ ಪರೀಕ್ಷೆಗಳು ಇಲ್ಲವೆಂದಲ್ಲ. ಮಾಡಿದ ಪ್ರತಿಯೊಂದು ಕೆಲಸಕ್ಕೂ ಬೇರೆ ಬೇರೆ ಹಣ ಕೊಡುವ ಪದ್ಧತಿ ಇರುವಲ್ಲಿ ಅವು ಇದ್ದೇ ಇರುತ್ತವೆ. ಆದರೆ ಅವಷ್ಟರಿಂದಲೇ ಇಷ್ಟು ದೊಡ್ಡ ಅಂತರ ಹುಟ್ಟುವುದಿಲ್ಲ.

ಪ್ರಶ್ನೆ: ಹಾಗಾದರೆ ಈ ದರಗಳನ್ನು ನಿಗದಿ ಮಾಡುವವರು ಯಾರು?

ಒಂದೇ ಸೇವೆಗೆ ಒಂದೇ ಆಸ್ಪತ್ರೆಯಲ್ಲಿ ಹಲವು ದರಗಳಿರುತ್ತವೆ. 65 ದಾಟಿದವರ ಸರ್ಕಾರಿ ವಿಮೆಯಾದ ಮೆಡಿಕೇರ್ ತಾನು ಕೊಡುವ ದರವನ್ನು ತಾನೇ ಗೊತ್ತುಮಾಡುತ್ತದೆ. 1983ರಿಂದೀಚೆಗೆ ಒಳರೋಗಿಗಳ ವಿಷಯದಲ್ಲಿ ಕಾಯಿಲೆಯ ಬಗೆಗೆ ಇಷ್ಟೆಂದು ಮೊತ್ತ ನಿಗದಿಯಾಗಿದೆ, ರೋಗಿ ಎಷ್ಟು ದಿನ ಮಲಗಿದ್ದನೆಂಬುದು ಮುಖ್ಯವಲ್ಲ. ಬಡವರ ವಿಮೆಯಾದ ಮೆಡಿಕೈಡ್ ಸಾಮಾನ್ಯವಾಗಿ ಅದಕ್ಕಿಂತಲೂ ಕಡಿಮೆ ಕೊಡುತ್ತದೆ. ಖಾಸಗಿ ವಿಮಾ ಕಂಪನಿಗಳು ಪ್ರತಿಯೊಂದು ಆಸ್ಪತ್ರೆಯೊಂದಿಗೂ ಪ್ರತ್ಯೇಕವಾಗಿ ಚೌಕಾಶಿ ಮಾಡುತ್ತವೆ, ಕೊನೆಗೆ ಮೆಡಿಕೇರ್ ದರದ ಸರಾಸರಿ ಎರಡೂವರೆ ಪಟ್ಟು ಕೊಡುತ್ತವೆ. ಇವೆಲ್ಲದರ ಮೇಲೆ ಆಸ್ಪತ್ರೆಯ ಸ್ವಂತ ದರಪಟ್ಟಿಯೊಂದಿರುತ್ತದೆ. ಅದರಲ್ಲಿರುವುದು ಯಾರೂ ಕೊಡದ ದರ ಎಂದು ಆಸ್ಪತ್ರೆಯವರೇ ಹೇಳುತ್ತಾರೆ. ವಿಮೆಯಿಲ್ಲದೆ ಬಂದವನ ಕೈಗೆ ಮೊದಲು ಬರುವುದು ಮಾತ್ರ ಅದೇ ದರದ ಬಿಲ್ಲು.

ಚೌಕಾಶಿಯಲ್ಲಿ ಗೆಲ್ಲುವುದು ಬಲ ಇದ್ದವರು. ಕಳೆದ ಕೆಲವು ದಶಕಗಳಲ್ಲಿ ಆಸ್ಪತ್ರೆಗಳು ಒಂದನ್ನೊಂದು ಕೊಂಡು ದೊಡ್ಡ ಜಾಲಗಳಾಗಿವೆ, ಸುತ್ತಲಿನ ವೈದ್ಯರ ಕ್ಲಿನಿಕ್‌ಗಳನ್ನೂ ಕೊಂಡಿವೆ. ಒಂದು ಊರಿನಲ್ಲಿ ಒಂದೇ ಜಾಲ ಉಳಿದಾಗ ಅದನ್ನು ಬಿಟ್ಟು ವಿಮಾ ಕಂಪನಿ ವ್ಯವಹಾರ ಮಾಡುವಂತಿಲ್ಲ, ಅದು ಹೇಳಿದ ದರಕ್ಕೆ ಒಪ್ಪಲೇಬೇಕು. ದರಗಳನ್ನು ಬಹಿರಂಗಪಡಿಸಬೇಕೆಂಬ ನಿಯಮ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಲಕ್ಷಾಂತರ ಸಾಲುಗಳ ಆ ಕಡತಗಳನ್ನು ತೆರೆದು ನೋಡಿದವರಿಗೆ ಗೊತ್ತು, ಅವು ರೋಗಿಯ ಕಣ್ಣಿಗಾಗಿ ಸಿದ್ಧವಾದವಲ್ಲ.

ಪ್ರಶ್ನೆ: ವಿಮೆಗೂ ನೌಕರಿಗೂ ಗಂಟು ಬಿದ್ದದ್ದು ಹೇಗೆ? ಕೆಲಸ ಹೋದರೆ ವಿಮೆಯೂ ಹೋಗುವುದೇಕೆ?

ಇದನ್ನು ಯಾರೂ ಕೂತು ಯೋಜಿಸಿದ್ದಲ್ಲ. 1929ರಲ್ಲಿ ಡಲ್ಲಾಸ್ ನಗರದ ಬೇಲರ್ ಆಸ್ಪತ್ರೆ ಅಲ್ಲಿನ ಶಾಲಾ ಶಿಕ್ಷಕರಿಗೆ ಒಂದು ಏರ್ಪಾಡು ಮಾಡಿಕೊಟ್ಟಿತು: ತಿಂಗಳಿಗೆ 50 ಸೆಂಟ್ ಕಟ್ಟಿದರೆ ವರ್ಷದಲ್ಲಿ 21 ದಿನದವರೆಗೆ ಆಸ್ಪತ್ರೆಯ ವಾಸ. ಮುಂದೆ ಬ್ಲೂ ಕ್ರಾಸ್ ಎಂದು ಹೆಸರಾದ ವಿಮಾ ಯೋಜನೆಗಳ ಮೂಲ ಇದು. ಎರಡನೆಯ ಮಹಾಯುದ್ಧದ ಕಾಲಕ್ಕೆ ಸರ್ಕಾರ ಬೆಲೆಯೇರಿಕೆ ತಡೆಯಲು ಸಂಬಳದ ಮೇಲೆ ಮಿತಿ ಹೇರಿತು. ಕೈಯಾಳು ಸಿಗದ ಕಾರ್ಖಾನೆಗಳು ಸಂಬಳ ಏರಿಸಲಾಗದೆ, ಮಿತಿಯ ಹೊರಗಿದ್ದ ಆರೋಗ್ಯ ವಿಮೆಯನ್ನು ಮುಂದೊಡ್ಡಿ ಕೆಲಸಗಾರರನ್ನು ಸೆಳೆದವು. 1954ರ ತೆರಿಗೆ ಸಂಹಿತೆ, ಮಾಲೀಕರು ಕಟ್ಟುವ ವಿಮೆಯ ಹಣ ನೌಕರನ ಆದಾಯವಲ್ಲ, ಅದಕ್ಕೆ ತೆರಿಗೆಯಿಲ್ಲ ಎಂದು ಖಚಿತಪಡಿಸಿತು. ಯುದ್ಧಕಾಲದ ತಾತ್ಕಾಲಿಕ ಉಪಾಯ ಅಲ್ಲಿಗೆ ಕಾಯಂ ಆಯಿತು. ಎಚ್‌-1ಬಿ ವೀಸಾದಲ್ಲಿರುವ ನಮ್ಮವರಿಗೆ ಇದರ ಬಿಸಿ ಇಮ್ಮಡಿ: ಕೆಲಸ ಹೋದರೆ ವೀಸಾದ ಚಿಂತೆ, ಅದರ ಜೊತೆಯಲ್ಲೇ ಗರ್ಭಿಣಿ ಹೆಂಡತಿಯ ವಿಮೆಯ ಚಿಂತೆ.

ಪ್ರಶ್ನೆ: ಕಂಪನಿಯೇ ಕಂತು ಕಟ್ಟುತ್ತದಲ್ಲ, ಏರಿದರೆ ನನಗೇನು?

2024ರಲ್ಲಿ ಕಂಪನಿಗಳ ಮೂಲಕ ದೊರೆಯುವ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಕಂತು 25,572 ಡಾಲರ್. ಅದರಲ್ಲಿ ನೌಕರನ ಸಂಬಳದಿಂದ ಮುರಿದುಕೊಂಡದ್ದು 6,296 ಡಾಲರ್. ಉಳಿದದ್ದನ್ನು ಕಂಪನಿ ಕಟ್ಟಿತೆಂದು ಕಾಗದ ಹೇಳುತ್ತದೆ. ಆದರೆ ಒಬ್ಬ ನೌಕರನಿಗೆ ಒಟ್ಟು ಇಷ್ಟು ಖರ್ಚು ಮಾಡಬಹುದೆಂದು ಕಂಪನಿ ಲೆಕ್ಕ ಹಾಕುವಾಗ ಸಂಬಳವೂ ವಿಮೆಯೂ ಒಂದೇ ಚೀಲದ ಹಣ. ಕಂತು ಏರಿದ ವರ್ಷ ಸಂಬಳದ ಏರಿಕೆ ಸಣ್ಣದಾಗುತ್ತದೆ. ಇದು ಕಣ್ಣಿಗೆ ಕಾಣದೆ ನಡೆಯುವುದರಿಂದಲೇ ಇಷ್ಟು ವರ್ಷ ಇದರ ವಿರುದ್ಧ ಗಟ್ಟಿ ದನಿ ಏಳಲಿಲ್ಲವೆಂದು ನನ್ನ ಅನಿಸಿಕೆ.

ಪ್ರಶ್ನೆ: ವಿಮೆ ಇದ್ದೂ ಕೈಯಿಂದ ಸಾವಿರಾರು ಡಾಲರ್ ಕಟ್ಟಬೇಕಾಗುವುದು ಹೇಗೆ?

ಒಂದು ಉದಾಹರಣೆ ಹಾಕಿಕೊಳ್ಳೋಣ. ನಿಮ್ಮ ಯೋಜನೆಯಲ್ಲಿ ಡಿಡಕ್ಟಿಬಲ್, ಅಂದರೆ ವಿಮೆ ಕೊಡಲು ಶುರುಮಾಡುವ ಮೊದಲು ನೀವೇ ಕಟ್ಟಬೇಕಾದ ಮೊತ್ತ, 2,000 ಡಾಲರ್, ಅನಂತರದ ಬಿಲ್ಲಿನಲ್ಲಿ ನಿಮ್ಮ ಪಾಲು ಶೇ. 20, ವರ್ಷಕ್ಕೆ ನೀವು ಕೈಯಿಂದ ಕಟ್ಟುವುದರ ಗರಿಷ್ಠ ಮಿತಿ 5,000 ಡಾಲರ್ ಎಂದಿರಲಿ. ಒಪ್ಪಿತ ದರದಲ್ಲಿ 30,000 ಡಾಲರ್ ಆಗುವ ಶಸ್ತ್ರಚಿಕಿತ್ಸೆಯೊಂದಾಯಿತು. ಮೊದಲ 2,000 ಪೂರ್ತಿ ನಿಮ್ಮದು. ಉಳಿದ 28,000ದಲ್ಲಿ ಐದನೆಯ ಒಂದು ಭಾಗವೆಂದರೆ 5,600. ಆದರೆ ವರ್ಷದ ಮಿತಿ ಅಡ್ಡ ಬರುವುದರಿಂದ ನೀವು ಅದರಲ್ಲಿ 3,000 ಕಟ್ಟಿದರೆ ಸಾಕು. ಒಟ್ಟು 5,000 ಡಾಲರ್, ಇದು ತಿಂಗಳು ತಿಂಗಳು ಮುರಿದುಕೊಂಡ ಕಂತಿನ ಹೊರತಾಗಿ. ಶಸ್ತ್ರಚಿಕಿತ್ಸೆ ಡಿಸೆಂಬರ್ ಕೊನೆಗೆ ಆಗಿ, ಅದರ ಮುಂದಿನ ಚಿಕಿತ್ಸೆ ಜನವರಿಗೆ ಬಿದ್ದರೆ ಹೆಚ್ಚಿನ ಯೋಜನೆಗಳಲ್ಲಿ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಇಲ್ಲಿ ಡಿಸೆಂಬರ್ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯ ದಿನ ಸಿಗುವುದು ಕಷ್ಟ. ಆ ವರ್ಷದ ಡಿಡಕ್ಟಿಬಲ್ ಮುಗಿಸಿದವರೆಲ್ಲ ಸಾಲಿನಲ್ಲಿರುತ್ತಾರೆ.

ಜನ ಕೈಯಿಂದ ಕೊಡುವಂತಾದರೆ ಬೇಡದ ಸೇವೆಯನ್ನು ಬಿಡುತ್ತಾರೆ ಎಂಬುದು ಈ ಏರ್ಪಾಡಿನ ಹಿಂದಿನ ವಾದ. 1970ರ ದಶಕದಲ್ಲಿ ಆರಂಭವಾದ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯ ದೊಡ್ಡ ಪ್ರಯೋಗ ಇದನ್ನು ಪರೀಕ್ಷಿಸಿತು. ಜನ ಬಳಕೆಯನ್ನು ಕಡಿಮೆ ಮಾಡಿದ್ದು ನಿಜ. ಆದರೆ ಬೇಡದ್ದನ್ನು ಬಿಟ್ಟ ಹಾಗೆಯೇ ಬೇಕಾದದ್ದನ್ನೂ ಬಿಟ್ಟರು. ಎದೆನೋವು ಗ್ಯಾಸೋ ಹೃದಯವೋ ಎಂದು ರೋಗಿ ತಾನೇ ತೀರ್ಮಾನಿಸಲಾರ.

ಪ್ರಶ್ನೆ: ಆಸ್ಪತ್ರೆಯಿಂದ ಬರುವ ಕಾಗದಗಳನ್ನು ಓದುವುದು ಹೇಗೆ?

ಮೊದಲು ಬರುವುದು ವಿಮಾ ಕಂಪನಿಯ ವಿವರಣಾ ಪತ್ರ. ಅದರ ಮೇಲೆ ದಪ್ಪಕ್ಷರದಲ್ಲಿ ‘ಇದು ಬಿಲ್ಲಲ್ಲ’ ಎಂದಿರುತ್ತದೆ. ಗಾಬರಿಯಲ್ಲಿ ಅದನ್ನೇ ಕಟ್ಟಿಬಿಟ್ಟವರುಂಟು. ಎಡಗಡೆಯ ಅಂಕಣದಲ್ಲಿ ಆಸ್ಪತ್ರೆ ಕೇಳಿದ ಮೊತ್ತ, ಅದರ ಪಕ್ಕದಲ್ಲಿ ವಿಮೆಯವರು ಒಪ್ಪಿದ ಮೊತ್ತ, ಆಮೇಲೆ ಅವರು ಕೊಟ್ಟದ್ದು, ಕೊನೆಯಲ್ಲಿ ನಿಮ್ಮ ಪಾಲು. ಮೊದಲ ಎರಡು ಅಂಕಣಗಳ ನಡುವಣ ಅಂತರ ನೋಡಿ ಹೊಸಬರು ಎಷ್ಟೊಂದು ಉಳಿಯಿತೆಂದು ಸಂತೋಷಪಡುತ್ತಾರೆ. ಹಬ್ಬದ ಸಂತೆಯಲ್ಲಿ ಬೆಲೆ ಏರಿಸಿಟ್ಟು ರಿಯಾಯಿತಿ ಕೂಗುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಆಸ್ಪತ್ರೆಯ ಬಿಲ್ಲು ಬಂದ ಮೇಲೆ ಬಾಬ್ತುವಾರು ವಿವರ ಕೇಳಿ ತರಿಸಿಕೊಳ್ಳಬೇಕು. ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಮಗ ಮೆಟ್ಟಿಲ ಮೇಲೆ ಬಿದ್ದು ಗದ್ದ ಸೀಳಿಕೊಂಡ. ರಾತ್ರಿ ಹೊತ್ತಾದ್ದರಿಂದ ಎಮರ್ಜೆನ್ಸಿಗೆ ಒಯ್ದೆವು. ಮೂರು ಹೊಲಿಗೆ ಬಿತ್ತು. ವಾರಗಳ ಮೇಲೆ ಎರಡು ಬಿಲ್ಲು ಬಂದವು, ಒಂದು ಆಸ್ಪತ್ರೆಯದು, ಇನ್ನೊಂದು ವೈದ್ಯರದು. ಎಮರ್ಜೆನ್ಸಿಯ ಭೇಟಿಗೆ 99281ರಿಂದ 99285ರವರೆಗೆ ಐದು ಸಂಕೇತಗಳಿವೆ. ಸಂಕೇತ ಏರಿದಷ್ಟೂ ರೋಗಿಯ ಸ್ಥಿತಿ ಜಟಿಲವೆಂದು ಅರ್ಥ, ಹಣವೂ ಹಾಗೆಯೇ ಏರುತ್ತದೆ. ನಮ್ಮದಕ್ಕೆ 99284 ಹಾಕಿದ್ದರು. ಚಿಕಿತ್ಸೆಯ ದಾಖಲೆ ತರಿಸಿಕೊಂಡು, ಇದರಲ್ಲಿ ಅಷ್ಟು ಜಟಿಲವಾದದ್ದು ಯಾವುದೆಂದು ಬರೆದು ಕೇಳಿದೆವು. ಎರಡು ತಿಂಗಳು, ಐದಾರು ಫೋನು ಕರೆಗಳ ನಂತರ ಒಂದು ಮೆಟ್ಟಿಲು ಇಳಿಸಿದರು. ತಪ್ಪಾಗಿತ್ತೆಂದು ಯಾರೂ ಹೇಳಲಿಲ್ಲ, ‘ಮರುಪರಿಶೀಲಿಸಲಾಗಿದೆ’ ಎಂಬ ಒಂದು ಸಾಲು ಬಂತು.

ಲಾಭದ ಉದ್ದೇಶವಿಲ್ಲದ ಆಸ್ಪತ್ರೆಗಳಿಗೆ ತೆರಿಗೆ ವಿನಾಯಿತಿ ಇರುವುದರಿಂದ ಅವು ಹಣಕಾಸು ನೆರವಿನ ನೀತಿಯನ್ನು ಬರಹದಲ್ಲಿ ಇಟ್ಟಿರಲೇಬೇಕು. ಮೊದಲ ಬಿಲ್ಲಿನಿಂದ 240 ದಿನಗಳವರೆಗೆ ಅರ್ಜಿ ಹಾಕಬಹುದು. ಇದನ್ನು ಕೇಳಲು ಸಂಕೋಚ ಬೇಡ.

ಪ್ರಶ್ನೆ: ನೆಟ್‌ವರ್ಕಿನಲ್ಲಿರುವ, ಅಂದರೆ ನಮ್ಮ ವಿಮಾ ಕಂಪನಿಯೊಂದಿಗೆ ದರದ ಒಪ್ಪಂದವಿರುವ, ಆಸ್ಪತ್ರೆಗೇ ಹೋದರೂ ಅನಿರೀಕ್ಷಿತ ಬಿಲ್ಲು ಬರಬಹುದೇ?

2022ರ ಜನವರಿ 1ರವರೆಗೆ ಧಾರಾಳವಾಗಿ ಬರುತ್ತಿತ್ತು. ಆಸ್ಪತ್ರೆ ನೆಟ್‌ವರ್ಕಿನೊಳಗೆ, ಅರಿವಳಿಕೆ ಕೊಟ್ಟ ವೈದ್ಯರು ಹೊರಗೆ. ರೋಗಿಗೆ ಪ್ರಜ್ಞೆ ಇರುವಾಗಲೇ ಅದು ತಿಳಿಯದು, ಇಲ್ಲದಿರುವಾಗ ಹೇಗೆ ತಿಳಿದೀತು? ಅಂದಿನಿಂದ ಜಾರಿಗೆ ಬಂದ ಕಾನೂನು ಇಂಥ ಸಂದರ್ಭಗಳಲ್ಲಿ ರೋಗಿಯಿಂದ ನೆಟ್‌ವರ್ಕಿನ ಪಾಲಿಗಿಂತ ಹೆಚ್ಚು ಕೇಳದಂತೆ ತಡೆದಿದೆ. ಆದರೆ ರಸ್ತೆಯ ಆಂಬುಲೆನ್ಸ್ ಈ ರಕ್ಷಣೆಗೆ ಒಳಪಟ್ಟಿಲ್ಲ, ಹೆಲಿಕಾಪ್ಟರ್ ಆಂಬುಲೆನ್ಸ್ ಒಳಪಟ್ಟಿದೆ.

ಪ್ರಶ್ನೆ: ಇಷ್ಟೆಲ್ಲ ಖರ್ಚಿಗೆ ಗುಣಮಟ್ಟವಾದರೂ ಅತ್ಯುತ್ತಮವೇ?

ಇದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಕೊಡುವವರನ್ನು ನಂಬಬೇಡಿ. ಸ್ತನ ಕ್ಯಾನ್ಸರ್ ಪತ್ತೆಯಾದ ಮಹಿಳೆಯರಲ್ಲಿ ಐದು ವರ್ಷ ಬದುಕುಳಿಯುವವರ ಪ್ರಮಾಣ ಇಲ್ಲಿ ಶೇ. 90ರಷ್ಟಿದೆ, ಜಗತ್ತಿನಲ್ಲೇ ಮೇಲಿನ ಸಾಲಿನದು. ಹೊಸ ಔಷಧ, ಕಠಿಣ ಶಸ್ತ್ರಚಿಕಿತ್ಸೆ, ಅವಧಿಗೆ ಮುನ್ನ ಹುಟ್ಟಿದ ಕೂಸಿನ ಆರೈಕೆ ಇವುಗಳಲ್ಲಿ ಇಲ್ಲಿನ ದೊಡ್ಡ ಆಸ್ಪತ್ರೆಗಳು ಮುಂಚೂಣಿಯಲ್ಲಿವೆ. ಅದೇ ದೇಶದಲ್ಲಿ 2023ರಲ್ಲಿ ಪ್ರತಿ ಲಕ್ಷ ಜನನಕ್ಕೆ 18.6 ತಾಯಂದಿರು ಸತ್ತರು. ಕಪ್ಪು ಮಹಿಳೆಯರಲ್ಲಿ ಈ ಸಂಖ್ಯೆ 50.3. ಶ್ರೀಮಂತ ದೇಶವೊಂದಕ್ಕೆ ಇದು ನಾಚಿಕೆಗೇಡಿನ ಅಂಕಿ. ಸರಾಸರಿ ಆಯುಸ್ಸು 2019ರಲ್ಲಿ 78.8 ವರ್ಷ ಇದ್ದದ್ದು 2021ರಲ್ಲಿ 76.4ಕ್ಕೆ ಕುಸಿದು, 2023ರಲ್ಲಿ 78.4ಕ್ಕೆ ಬಂದಿದೆ, ಜಪಾನಿನಲ್ಲಿ ಅದು 84ರ ಹತ್ತಿರ. ಆದರೆ ಆಯುಸ್ಸಿನ ಹೊಣೆಯನ್ನೆಲ್ಲ ಆಸ್ಪತ್ರೆಗಳ ಮೇಲೆ ಹಾಕುವುದು ನ್ಯಾಯವಲ್ಲ. ಬಂದೂಕು, ರಸ್ತೆ ಅಪಘಾತ, ಬೊಜ್ಜು, 2021ರಿಂದ ಮೂರು ವರ್ಷ ಸತತವಾಗಿ ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದ ಮಾದಕ ದ್ರವ್ಯಗಳ ಅತಿಸೇವನೆ, ಇವು ರೋಗಿ ಆಸ್ಪತ್ರೆಯ ಬಾಗಿಲಿಗೆ ಬರುವ ಮೊದಲೇ ಆಗಿಹೋದ ಸಂಗತಿಗಳು.

ಪ್ರಶ್ನೆ: ಗುಣಮಟ್ಟ ಹೆಚ್ಚಬೇಕಾದರೆ ಖರ್ಚೂ ಹೆಚ್ಚಬೇಕಲ್ಲವೇ?

ಹಾಗೇನಿಲ್ಲ. 1999ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೊರತಂದ ವರದಿ, ಅಮೆರಿಕದ ಆಸ್ಪತ್ರೆಗಳಲ್ಲಿ ತಡೆಯಬಹುದಾಗಿದ್ದ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿದ್ದಾರೆಂದು ಅಂದಾಜು ಮಾಡಿತು. ಅದರ ಬೆನ್ನಿಗೆ ನಡೆದ ಪ್ರಯತ್ನಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ ವೈದ್ಯ ಪೀಟರ್ ಪ್ರೊನೊವೊಸ್ಟ್ ನಡೆಸಿದ್ದು. ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕುವ ಮೊದಲು ಕೈ ತೊಳೆಯುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕದಿಂದ ಒರೆಸುವುದು, ರೋಗಿಯ ಮೇಲೆ ಪೂರ್ಣ ಹೊದಿಕೆ ಹಾಸುವುದು, ಸಾಧ್ಯವಾದರೆ ತೊಡೆಸಂದಿಯ ಜಾಗ ಬಿಡುವುದು, ಬೇಡವಾದ ಕೊಳವೆಯನ್ನು ಕೂಡಲೆ ತೆಗೆಯುವುದು, ಇಷ್ಟೇ ಐದು ಕೆಲಸಗಳ ಪಟ್ಟಿ. ಯಾವುದಾದರೂ ತಪ್ಪಿದರೆ ವೈದ್ಯರನ್ನು ತಡೆಯುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಟ್ಟರು. ರಕ್ತದ ಸೋಂಕು ಮೂರನೆಯ ಎರಡು ಭಾಗದಷ್ಟು ಇಳಿದದ್ದು 2006ರಲ್ಲಿ ಪ್ರಕಟವಾಯಿತು. ಯಂತ್ರ ಕೊಳ್ಳಲಿಲ್ಲ, ಕಟ್ಟಡ ಕಟ್ಟಲಿಲ್ಲ. ಆದರೆ ಸೋಂಕು ತಗಲಿದ ರೋಗಿಯ ಕಾಯಿಲೆ ಹೆಚ್ಚು ಜಟಿಲವಾದ ಬಗೆಗೆ ಸೇರಿ ಆಸ್ಪತ್ರೆಗೆ ಹೆಚ್ಚು ಆದಾಯವೇ ಬರುತ್ತಿತ್ತು. ಈ ವಿಪರ್ಯಾಸವನ್ನು ತಿದ್ದಲು ಮೆಡಿಕೇರ್ 2008ರಿಂದ ಇಂಥ ಕೆಲವು ಸೋಂಕುಗಳಿಗೆ ಹೆಚ್ಚುವರಿ ಹಣ ಕೊಡುವುದನ್ನು ನಿಲ್ಲಿಸಿತು. ಬಿಡುಗಡೆಯಾದ ರೋಗಿ ತಿಂಗಳೊಳಗೆ ಮರಳಿ ದಾಖಲಾಗುವುದು ಮಿತಿಮೀರಿದ ಆಸ್ಪತ್ರೆಗಳಿಗೆ 2012ರಿಂದ ಕಡಿತವನ್ನೂ ಹಾಕುತ್ತಿದೆ.

ಪ್ರಶ್ನೆ: ಔಷಧಗಳ ಬೆಲೆ ಇಳಿಯುತ್ತಿದೆಯೇ?

ಕೆಲವದು ಇಳಿದಿದೆ. ಇನ್ಸುಲಿನ್‌ನ ಹಕ್ಕನ್ನು ಕಂಡುಹಿಡಿದವರು ಟೊರೊಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟಿದ್ದರು. ನೂರು ವರ್ಷದ ಮೇಲೆ ಅದೇ ಔಷಧವನ್ನು ಅಮೆರಿಕದ ಸಕ್ಕರೆ ಕಾಯಿಲೆಯವರು ಅಳೆದು ಸುರಿದು ಉಳಿಸಿಕೊಳ್ಳುವ ಸ್ಥಿತಿ ಬಂತು. 2022ರ ಕಾನೂನು ಮೆಡಿಕೇರ್‌ನವರಿಗೆ ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರದಂತೆ ಮಾಡಿತು; 2025ರಲ್ಲಿ ಅವರು ವರ್ಷಕ್ಕೆ ಔಷಧಕ್ಕಾಗಿ ಕೈಯಿಂದ ಕೊಡುವುದಕ್ಕೆ 2,000 ಡಾಲರ್ ಮಿತಿ ಬಂತು; ಮೊದಲ ಹತ್ತು ಔಷಧಗಳಿಗೆ ಸರ್ಕಾರ ಚೌಕಾಶಿ ಮಾಡಿದ ದರ 2026ರಿಂದ ಅನ್ವಯಿಸುತ್ತದೆ.

ಇನ್ನೊಂದು ಮಗ್ಗುಲೂ ಇದೆ. ಇಲ್ಲಿ ಬರೆಯುವ ಔಷಧ ಚೀಟಿಗಳಲ್ಲಿ ಹತ್ತಕ್ಕೆ ಒಂಬತ್ತು ಜೆನರಿಕ್, ಅವುಗಳಲ್ಲಿ ದೊಡ್ಡ ಪಾಲು ಭಾರತದಿಂದ ಬರುತ್ತದೆ, ಬೆಲೆಯೂ ಅಗ್ಗ. ಅತಿ ಅಗ್ಗವಾದಾಗ ತಯಾರಕರು ಒಬ್ಬೊಬ್ಬರೇ ಕೈಬಿಡುತ್ತಾರೆ. ಗುಜರಾತಿನ ಒಂದು ಕಾರ್ಖಾನೆಯಲ್ಲಿ 2022ರ ಕೊನೆಗೆ ಅಮೆರಿಕದ ತಪಾಸಣಾಧಿಕಾರಿಗಳು ಲೋಪಗಳನ್ನು ಕಂಡು, ಉತ್ಪಾದನೆ ನಿಂತಾಗ, 2023ರಲ್ಲಿ ಅಮೆರಿಕದ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಕ್ಕೆ ಕೊರತೆಯುಂಟಾಯಿತು. ಲಕ್ಷಾಂತರ ಡಾಲರಿನ ಹೊಸ ಔಷಧ ಕಪಾಟಿನಲ್ಲಿತ್ತು, ದಶಕಗಳ ಹಳೆಯ ಅಗ್ಗದ ಔಷಧ ಇರಲಿಲ್ಲ.

ಪ್ರಶ್ನೆ: ಒಬಾಮಾಕೇರ್ ಬಂದ ಮೇಲೆ ಇದೆಲ್ಲ ಸರಿಹೋಗಬೇಕಿತ್ತಲ್ಲವೇ?

2010ರ ಮಾರ್ಚ್ 23ರಂದು ಸಹಿಯಾದ ಆ ಕಾನೂನು ಮುಖ್ಯವಾಗಿ ಗಮನಕೊಟ್ಟದ್ದು ಯಾರಿಗೆ ವಿಮೆ ಇದೆ ಎಂಬುದಕ್ಕೆ. ವಿಮೆಯಿಲ್ಲದವರು ಅಂದು ಶೇ. 16ರಷ್ಟಿದ್ದರು, 2023ರ ಹೊತ್ತಿಗೆ ಶೇ. 8ಕ್ಕೆ ಇಳಿದರು. ಮೊದಲೇ ಕಾಯಿಲೆ ಇದೆಯೆಂದು ವಿಮೆ ನಿರಾಕರಿಸುವಂತಿಲ್ಲ, ಮಕ್ಕಳು 26 ತುಂಬುವವರೆಗೆ ತಂದೆತಾಯಿಯ ವಿಮೆಯಲ್ಲಿರಬಹುದು. ಬೆಲೆಯನ್ನು ಮಾತ್ರ ಅದು ಹೆಚ್ಚಾಗಿ ಮುಟ್ಟಲಿಲ್ಲ. ಕಂತಿನ ಹಣದಲ್ಲಿ ಶೇ. 80 ಅಥವಾ 85ನ್ನು ಚಿಕಿತ್ಸೆಗೇ ವ್ಯಯಿಸಬೇಕೆಂದು ವಿಮಾ ಕಂಪನಿಗಳಿಗೆ ಹೇಳಿತು. ಉಳಿದ ಪಾಲು ಶೇಕಡಾವಾರು ಲೆಕ್ಕದ್ದಾದ್ದರಿಂದ ಒಟ್ಟು ಮೊತ್ತ ಏರಿದರೆ ಆ ಪಾಲೂ ಏರುತ್ತದೆ, ಇಳಿಸುವ ಆತುರ ಅವರಿಗೇಕೆ?

ಪ್ರಶ್ನೆ: ಊರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಏನು ಮಾಡಬೇಕು?

ಪ್ರವಾಸಿ ವೀಸಾದಲ್ಲಿ ಬರುವವರಿಗೆ ಮೆಡಿಕೇರ್ ಇಲ್ಲ, ಒಬಾಮಾಕೇರ್ ಕಾನೂನಿನಡಿ ಜನ ತಾವೇ ವಿಮೆ ಕೊಳ್ಳುವ ಸರ್ಕಾರಿ ಮಾರುಕಟ್ಟೆಯ ವಿಮೆಯೂ ಇಲ್ಲ. ಮಗ ಅಥವಾ ಮಗಳ ಕಂಪನಿಯ ವಿಮೆಗೆ ಸಾಮಾನ್ಯವಾಗಿ ತಂದೆತಾಯಿಯನ್ನು ಸೇರಿಸಲಾಗದು. ಉಳಿಯುವುದು ಪ್ರವಾಸಿ ವಿಮೆ. ಅದರಲ್ಲಿ ಎರಡು ಬಗೆ. ಅಗ್ಗದ್ದು ಪ್ರತಿ ಸೇವೆಗೆ ಇಂತಿಷ್ಟೇ ಎಂದು ಕೊಡುತ್ತದೆ, ಇಲ್ಲಿನ ಆಸ್ಪತ್ರೆಯ ದರದ ಮುಂದೆ ಆ ಮೊತ್ತ ಅರೆಕಾಸಿನ ಮಜ್ಜಿಗೆ. ಇನ್ನೊಂದು ಸಮಗ್ರ ವಿಮೆ, ಡಿಡಕ್ಟಿಬಲ್ ದಾಟಿದ ಮೇಲೆ ಬಿಲ್ಲಿನ ಬಹುಪಾಲು ಕೊಡುತ್ತದೆ. ಇರುವ ಬಿಪಿ, ಸಕ್ಕರೆ, ಹೃದಯದ ತೊಂದರೆಗಳನ್ನು ಎರಡೂ ಹೊರಗಿಡುತ್ತವೆ; ಹಠಾತ್ತನೆ ಉಲ್ಬಣಿಸಿದರೆ ಮಾತ್ರ ಕೊಡುತ್ತೇವೆಂಬ ಷರತ್ತಿದ್ದರೆ ಅದಕ್ಕಿರುವ ವಯಸ್ಸಿನ ಮಿತಿಯನ್ನು ಓದಿಯೇ ಸಹಿ ಮಾಡಬೇಕು. ಬರುವಾಗ ಇಡೀ ವಾಸಕ್ಕೆ ಸಾಲುವಷ್ಟು ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ತರಲಿ, ಹಲ್ಲು ಮತ್ತು ಕನ್ನಡಕದ ಕೆಲಸ ಊರಿನಲ್ಲೇ ಮುಗಿಸಿಕೊಳ್ಳಲಿ.

ಪ್ರಾಣಕ್ಕೆ ಸಂಚಕಾರ ಬಂದಾಗ ಲೆಕ್ಕ ಹಾಕುತ್ತ ಕೂರಬೇಡಿ. ಮೆಡಿಕೇರ್ ಹಣ ಪಡೆಯುವ ಯಾವುದೇ ಆಸ್ಪತ್ರೆಯ ಎಮರ್ಜೆನ್ಸಿ, ರೋಗಿಯ ಬಳಿ ಹಣವಿರಲಿ ಇಲ್ಲದಿರಲಿ, ಪರೀಕ್ಷಿಸಿ ಸ್ಥಿತಿಯನ್ನು ಹದಕ್ಕೆ ತರಲೇಬೇಕೆಂದು 1986ರ ಕಾನೂನು ಹೇಳುತ್ತದೆ. ಬಿಲ್ಲು ಆಮೇಲೆ ಬರುತ್ತದೆ, ಅದು ಬೇರೆ ಮಾತು. ಮೊದಲೇ ಗೊತ್ತಾದ ಚಿಕಿತ್ಸೆಯಾದರೆ, ಇಲ್ಲಿನ ವಿಮೆಯಿಲ್ಲದೆ ಸ್ವಂತ ಹಣ ಕೊಡುವವರಿಗೆ ಅಂದಾಜು ಮೊತ್ತವನ್ನು ಬರಹದಲ್ಲಿ ಪಡೆಯುವ ಹಕ್ಕಿದೆ. ಅದಕ್ಕಿಂತ 400 ಡಾಲರ್ ಅಥವಾ ಹೆಚ್ಚು ಬಿಲ್ಲು ಬಂದರೆ 120 ದಿನಗಳೊಳಗೆ ತಕರಾರು ಹೂಡಬಹುದು.

ಪ್ರಶ್ನೆ: ಅವರಿಗೆ ಗ್ರೀನ್ ಕಾರ್ಡ್ ಸಿಕ್ಕಿದರೆ ಮೆಡಿಕೇರ್ ಸಿಗುತ್ತದೆಯೇ?

65 ತುಂಬಿ, ಗ್ರೀನ್ ಕಾರ್ಡ್ ಪಡೆದು ಐದು ವರ್ಷ ಎಡೆಬಿಡದೆ ಇಲ್ಲಿ ವಾಸಿಸಿದ ಮೇಲೆ ಹಣ ಕಟ್ಟಿ ಸೇರಬಹುದು. ಹತ್ತು ವರ್ಷ ಇಲ್ಲಿ ದುಡಿದು ತೆರಿಗೆ ಕಟ್ಟಿದವರಿಗೆ ಮೆಡಿಕೇರ್‌ನಲ್ಲಿ ಆಸ್ಪತ್ರೆಯ ಖರ್ಚು ಭರಿಸುವ ಭಾಗಕ್ಕೆ ಕಂತಿಲ್ಲ. ತಾವಾಗಲಿ ಗಂಡ ಅಥವಾ ಹೆಂಡತಿಯಾಗಲಿ ಇಲ್ಲಿ ದುಡಿಯದಿದ್ದವರು 2025ರಲ್ಲಿ ಅದಕ್ಕೆ ತಿಂಗಳಿಗೆ 518 ಡಾಲರ್, ವೈದ್ಯರ ಭಾಗಕ್ಕೆ 185 ಡಾಲರ್ ಕಟ್ಟಬೇಕಿತ್ತು. ಗಂಡನ ದುಡಿಮೆ ಹೆಂಡತಿಯ ಲೆಕ್ಕಕ್ಕೂ, ಹೆಂಡತಿಯದು ಗಂಡನ ಲೆಕ್ಕಕ್ಕೂ ಬರುತ್ತದೆ. ಮಗನದಾಗಲಿ ಮಗಳದಾಗಲಿ ಬರುವುದಿಲ್ಲ. ಆ ಐದು ವರ್ಷಗಳ ಮಟ್ಟಿಗೆ ಒಬಾಮಾಕೇರ್ ಮಾರುಕಟ್ಟೆಯಲ್ಲಿ ವಿಮೆ ಕೊಳ್ಳಬಹುದು. ಗ್ರೀನ್ ಕಾರ್ಡ್ ಕೈಗೆ ಬಂದ 60 ದಿನಗಳೊಳಗೆ ಅರ್ಜಿ ಹಾಕದಿದ್ದರೆ ಚಳಿಗಾಲದ ನೋಂದಣಿಯವರೆಗೆ ಕಾಯಬೇಕು.